ಗೋಡೆಯ ಮೇಲಿನ ಪೈಪ್ ಪಾನಾ

ನಮ್ಮ ಗ್ಯಾರೇಜಿನ ಗೋಡೆಯ ಮೇಲೆ ಒಂದು ದೊಡ್ಡ ಪೈಪ್ ಪಾನಾದ, ಅಂದರೆ ಪೈಪು ತಿರುಗಿಸುವ ಸ್ಪ್ಯಾನರಿನ, ಚಿತ್ರವಿದೆ. ಕೆಂಪು ಪೇಂಟಿನಲ್ಲಿ ಎಳೆದ ಬರೀ ಅಂಚುಗೆರೆ. ಪಾನಾ ತೂಗು ಹಾಕಲು ಎರಡು ಮೊಳೆಗಳೂ ಇವೆ. ಪಾನಾ ಮಾತ್ರ ಇರಲಿಲ್ಲ.

ಇರಲಿಲ್ಲ ಎಂದರೆ, ಎಂದೂ ಇರಲಿಲ್ಲ. ಈ ಜನ್ಮದಲ್ಲಿ ನಾನು ಪೈಪ್ ಪಾನಾ ಕೊಂಡವನೇ ಅಲ್ಲ.

ಹಾಗಾದರೆ ಆ ಗೆರೆ ಎಳೆದವರು ಯಾರು? ನಾನೇ. ಯಾಕೆ? ಅದನ್ನು ಹೇಳಬೇಕೆಂದರೆ ನನ್ನ ಷಡ್ಡಕನ ವಿಷಯ ಹೇಳಬೇಕು. ಹೇಳುವಾಗ ಹೊಟ್ಟೆ ಉರಿಯುತ್ತದೆ. ಆದರೂ ಹೇಳುತ್ತೇನೆ.

ಈರಣ್ಣ ನನ್ನ ಹೆಂಡತಿ ಗಿರಿಜಾಳ ತಂಗಿಯ ಗಂಡ. ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಫಿಟರ್. ನನಗಿಂತ ಒಂಬತ್ತು ವರ್ಷ ಚಿಕ್ಕವನು. ನಾನು ಗಂಗಾವತಿಯ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು. (ಪಾಠ ಬಿಟ್ಟರೆ ನನಗಿರುವ ಹುಚ್ಚು ರಿಪೇರಿಯದು. ಇದು ನಿಮಗೆ ಗೊತ್ತೇ ಇದೆ, ಪತ್ರಿಕೆಯ ಇದೇ ಅಂಕಣದಲ್ಲಿ ಮಿಕ್ಸಿಯ ಕಥೆ ಬರೆದಾಗ ಎಷ್ಟು ಜನ ನಕ್ಕಿರಿ!)

ಈರಣ್ಣ ನಮ್ಮ ಬೀಗರ ಬಳಗಕ್ಕೆ ಬರುವ ಮುಂಚೆ ಕುಷ್ಟಗಿಯಲ್ಲಿರುವ ಮಾವನವರ ಮನೆಗೆ ನಾನೊಬ್ಬನೇ ಮೆಕ್ಯಾನಿಕ್. ನಲ್ಲಿ ಸೋರಲಿ, ಫ್ಯಾನು ಕಿರುಗುಟ್ಟಲಿ, ಮೊದಲು ರಿಂಗಾಗುತ್ತಿದ್ದದ್ದು ನನ್ನ ಫೋನು. ಮಾವನವರು ರಿಟೈರ್ಡ್ ಹೆಡ್ ಮಾಸ್ತರರು, ಸುಮ್ಮಸುಮ್ಮನೆ ಹೊಗಳುವ ಪೈಕಿ ಅಲ್ಲ. ಅಂಥವರು ಊರವರ ಮುಂದೆ, "ನಮ್ಮ ಹಿರೇ ಅಳ್ಯಾರು ಮುಟ್ಟಿದ್ರ ಸಾಕು ನೋಡ್ರಿ, ನಿಂತದ್ದು ತಿರಗತೈತಿ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಎಷ್ಟೋ ಭಾನುವಾರ ಬಸ್ಸಿನಲ್ಲಿ ನಿಂತುಕೊಂಡೇ ಕುಷ್ಟಗಿಗೆ ಹೋಗಿದ್ದೇನೆ.

ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಬಚ್ಚಲಮನೆಯ ನಲ್ಲಿ ಸೋರುತ್ತಿದ್ದದ್ದು ನೆನಪಿತ್ತು. "ಮಾಮಾರ, ಆ ನಲ್ಲಿ ಒಂದ್ ನೋಡಿಬಿಡ್ಲ್ಯಾ?" ಎಂದೆ.

"ಅದು ಆತು ಬಿಡ್ರಿ. ಈರಣ್ಣ ಬಂದು ಹೋದ. ನಿಮಗ್ಯಾಕ ತ್ರಾಸು ಅಂತ ಅವಗ ಫೋನ್ ಮಾಡಿದೆ."

ಕೈಯಲ್ಲಿ ಚಹಾದ ಕಪ್ಪಿತ್ತು. ಆ ಚಹಾ ಇವತ್ತಿಗೂ ಜೀರ್ಣವಾಗಿಲ್ಲ.

ಅದಾದ ಮೇಲೆ ಕಾರಟಗಿಯ ಈರಣ್ಣನ ಮನೆಗೆ ನಮಗೂ ಮಾವನವರಿಗೂ ಊಟಕ್ಕೆ ಕರೆ ಬಂತು. ಊಟಕ್ಕೆ ಮುಂಚೆ ಅವನು ನಮ್ಮನ್ನು ಹಿತ್ತಲಿನ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಆ ಗೋಡೆ!

ಪ್ಲೈವುಡ್ ಹೊಡೆದಿದ್ದಾನೆ. ಅದರ ಮೇಲೆ ಸುತ್ತಿಗೆ, ಪಕ್ಕಡ್, ಸ್ಕ್ರೂ ಡ್ರೈವರ್, ಚಿಕ್ಕದರಿಂದ ದೊಡ್ಡದರವರೆಗೆ ಸಾಲು ಸಾಲು ಪಾನಾ. ಒಂದೊಂದರ ಸುತ್ತಲೂ ಕೆಂಪು ಗೆರೆ. ಯಾವುದು ಜಾಗದಲ್ಲಿಲ್ಲ ಎಂದು ದೂರದಿಂದಲೇ ಗೊತ್ತಾಗಬೇಕು. ಕೆಳಗೆ ಮೂರು ಸಾಲು ಪುಟ್ಟ ತಗಡಿನ ಬಕೆಟ್ಟುಗಳು, ಒಂದರಲ್ಲಿ ನಟ್ಟು, ಒಂದರಲ್ಲಿ ಬೋಲ್ಟು, ಒಂದರಲ್ಲಿ ವಾಷರ್. ಮಿಲ್ಲಿನಲ್ಲಿ ಭತ್ತವನ್ನು ಮೇಲಕ್ಕೆ ಹೊತ್ತೊಯ್ಯುವ ಬೆಲ್ಟಿಗೆ ಇಂಥ ಬಕೆಟ್ಟುಗಳನ್ನು ಸಾಲಾಗಿ ಬಡಿದಿರುತ್ತಾರೆ. ಸವೆದವನ್ನು ಗುಜರಿಗೆ ಹಾಕುತ್ತಾರೆ. ಈರಣ್ಣ ಅವನ್ನು ಕೇಳಿ ತಂದು, ತಿಕ್ಕಿ ತೊಳೆದು, ಬಣ್ಣ ಬಳಿದು, ಗೋಡೆಗೆ ಸ್ಕ್ರೂ ಮಾಡಿದ್ದಾನೆ. ಖರ್ಚು ಸ್ಕ್ರೂಗಳದ್ದು ಮಾತ್ರ.

ಇಷ್ಟು ಸರಳವಾದದ್ದು ನನಗೆ ಯಾಕೆ ಹೊಳೆಯಲಿಲ್ಲ?

ಮಾವನವರು ಆ ಗೋಡೆಯ ಎದುರಿಗೆ ಒಂದು ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರು. ಗಿರಿಜಾ ಮೊಬೈಲ್ ತೆಗೆದು ಫೋಟೋ ಹೊಡೆದಳು. ತಂಗಿಗೆ ಹೇಳುವ ನೆಪದಲ್ಲಿ ನನಗೆ ಕೇಳಿಸುವಂತೆ ಹೇಳಿದಳು: "ಎಷ್ಟ್ ಛಂದ ಇಟ್ಟಾರವ್ವ! ನಮ್ಮನ್ಯಾಗ ಒಂದ್ ಟೆಸ್ಟರ್ ಬೇಕಂದ್ರ ಗೋಣಿಚೀಲ ಸುರೀಬೇಕು."

ಸುಳ್ಳಲ್ಲ. ನನ್ನ ಸಾಮಾನೆಲ್ಲ ಭತ್ತದ ಒಂದು ಗೋಣಿಚೀಲದಲ್ಲಿತ್ತು. ಕೈ ಹಾಕಿದರೆ ಮೊದಲು ಸಿಗುವುದು ಹ್ಯಾಕ್ಸಾ ಬ್ಲೇಡು. ಟೆಸ್ಟರ್ ಸಿಗುವ ಹೊತ್ತಿಗೆ ಬೆರಳಿಗೆ ಬ್ಯಾಂಡೇಜು ಹುಡುಕಬೇಕು.

ಮರುದಿನವೇ ಶುರು ಮಾಡಿದೆ. ಟೂಲ್ ಇಡಲು ಏನಾದರೂ ತರಬೇಕು, ಅಗ್ಗದ್ದಿರಬೇಕು, ಈರಣ್ಣನದಕ್ಕಿಂತ ಚೆನ್ನಾಗಿರಬೇಕು. (ಮೂರರಲ್ಲಿ ಮೂರನೆಯದೇ ಮುಖ್ಯ ಎಂದು ಆಗ ಒಪ್ಪುತ್ತಿರಲಿಲ್ಲ.)

ಕೊಪ್ಪಳದ ಸ್ಟೀಲ್ ಫರ್ನಿಚರ್ ಅಂಗಡಿಗೆ ಹೋದೆ. ಆಳೆತ್ತರದ ಕಪಾಟು, ಒಳಗೆ ಖಾನೆ, ಹೊರಗೆ ಬೀಗ. "ಸರ, ಇದು ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡೂದಿಲ್ರಿ" ಎಂದ ಅಂಗಡಿಯವನು. ನನ್ನ ಸುತ್ತಿಗೆಯ ಹಿಡಿ ಈಗಲೇ ಅಲ್ಲಾಡುತ್ತದೆ. ಅಂಥ ಸುತ್ತಿಗೆಗೆ ಅಂಥ ಕಪಾಟೇ? ಬೆಲೆ ಕೇಳಿ, ಗಿರಿಜಾಳನ್ನು ನೆನೆದು, ಕ್ಯಾಟಲಾಗ್ ಮಾತ್ರ ತೆಗೆದುಕೊಂಡು ಬಂದೆ.

ಆಮೇಲೆ ಆನ್‌ಲೈನ್. ಫೋಟೋದಲ್ಲಿ ಸೂಟ್‌ಕೇಸಿನಷ್ಟು ದೊಡ್ಡದಾಗಿ ಕಾಣುತ್ತಿದ್ದ ಟೂಲ್‌ಬಾಕ್ಸ್ ಆರ್ಡರ್ ಮಾಡಿದೆ. ಬಂತು. ಬಿಚ್ಚಿದರೆ ಊಟದ ಡಬ್ಬಿಯಷ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ ಸೆಂಟಿಮೀಟರ್ ಬರೆದಿದ್ದರಂತೆ. ಸೆಂಟಿಮೀಟರ್ ಯಾರು ಓದುತ್ತಾರೆ? ಈಗ ಅದರಲ್ಲಿ ಗಿರಿಜಾಳ ಸೂಜಿದಾರ ಇವೆ.

ಗಂಗಾವತಿಯ ಗುಜರಿಯಲ್ಲಿ ಯಾವುದೋ ಆಫೀಸಿನ ಹಳೆಯ ಡ್ರಾಯರ್ ಸೆಟ್ ಸಿಕ್ಕಿತು. ಗಟ್ಟಿ ಮಾಲು, ಅಗ್ಗದ ರೇಟು. ಒಂದೇ ತೊಂದರೆ, ನಾಲ್ಕರಲ್ಲಿ ಮೂರು ಖಾನೆಗಳಿಗೆ ಬೀಗ ಬಿದ್ದಿದೆ. ಕೀ ಯಾರ ಹತ್ತಿರವೂ ಇಲ್ಲ.

"ಸುಮ್ಮ ಈರಣ್ಣಗ ಒಂದ್ ಫೋನ್ ಮಾಡ್ರಿ. ಹತ್ತು ಬಕೆಟ್ ತಂದುಕೊಡ್ತಾರ" ಎಂದಳು ಗಿರಿಜಾ.

ಮಾಡುವುದೇ? ನಾನೇ? ಅವನಿಗೇ?

ಕೊನೆಗೆ ಅವನ ದಾರಿಯನ್ನೇ ಹಿಡಿದೆ, ಆದರೆ ಅವನನ್ನು ಕೇಳದೆ. ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ತಂದು ಗ್ಯಾರೇಜಿನ ಗೋಡೆಗೆ ಹೊಡೆದೆ. (ಗ್ಯಾರೇಜ್ ಎಂದರೆ ಕಾರಿಗಾಗಿ ಕಟ್ಟಿಸಿದ್ದು. ಕಾರು ಇನ್ನೂ ಬಂದಿಲ್ಲ, ಸ್ಕೂಟರ್ ಇದೆ.) ಎಂಜಿನ್ ಆಯಿಲ್ಲಿನ ಖಾಲಿ ಡಬ್ಬಿಗಳನ್ನು ಅರ್ಧಕ್ಕೆ ಕತ್ತರಿಸಿ ಬಕೆಟ್ಟಿನ ಬದಲು ಕೆಳಗೆ ಬಡಿದೆ. ಸಾಮಾನೆಲ್ಲ ತೂಗು ಹಾಕಿ, ಗೆರೆ ಎಳೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ.

ಹನ್ನೊಂದು. ನನ್ನ ಹತ್ತಿರ ಇದ್ದದ್ದು ಬರೀ ಹನ್ನೊಂದು ಸಾಮಾನು. ಗೋಣಿಚೀಲದಲ್ಲಿದ್ದಾಗ ನೂರು ಇದ್ದಂತೆ ಭಾರವಾಗಿದ್ದವು. ಅಷ್ಟಗಲ ಬೋರ್ಡಿನಲ್ಲಿ ಈಗ ಒಂದು ಮೂಲೆಗೆ ಬಿದ್ದಿವೆ. ಈರಣ್ಣನ ಗೋಡೆಯಲ್ಲಿ ಅಂಗೈಯಗಲ ಜಾಗ ಖಾಲಿ ಇರಲಿಲ್ಲ.

ಖಂಡೇನವಮಿಗೆ ಮಾವನವರೂ ಈರಣ್ಣನೂ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಇನ್ನು ನಾಲ್ಕೇ ದಿನ.

ಆಗ ತಲೆಗೆ ಹೊಳೆಯಿತು ನೋಡಿ. ಖಂಡೇನವಮಿಯ ದಿನ ಸಾಮಾನನ್ನೆಲ್ಲ ಇಳಿಸಿ, ತೊಳೆದು, ಕುಂಕುಮ ಹಚ್ಚಿ ಚಾಪೆಯ ಮೇಲೆ ಪೂಜೆಗೆ ಇಡುತ್ತೇವೆ. ಅವತ್ತು ಗೋಡೆಯ ಮೇಲೆ ಉಳಿಯುವುದು ಬರೀ ಗೆರೆ. ಗೆರೆಗೇನು ಬರ?

ಗಿರಿಜಾಳ ಮೊಬೈಲಿನಲ್ಲಿದ್ದ ಈರಣ್ಣನ ಗೋಡೆಯ ಫೋಟೋ ದೊಡ್ಡದು ಮಾಡಿಕೊಂಡೆ. ಈರಣ್ಣನ ಸುತ್ತಿಗೆ ಮತ್ತು ನನ್ನ ಸುತ್ತಿಗೆ ಒಂದೇ ಅಳತೆಯವು. ಅದರ ಲೆಕ್ಕ ಹಿಡಿದು, ನನ್ನಲ್ಲಿ ಇಲ್ಲದ ಹದಿಮೂರು ಸಾಮಾನುಗಳ ಗೆರೆ ಎಳೆದೆ. ಎಲ್ಲಕ್ಕಿಂತ ದೊಡ್ಡದು ಪೈಪ್ ಪಾನಾ. ಅವನ ಪಾನಾದ ಹಿಡಿಯ ತುದಿ ಚೂರು ಬಾಗಿತ್ತು. ನಾನು ಶ್ರದ್ಧೆಯಿಂದ ಅದನ್ನೂ ಬಾಗಿಸಿದೆ.

ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. "ಇಷ್ಟೆಲ್ಲಾ ಯಾವಾಗ ಇದ್ದೂರಿ ನಮ್ಮನ್ಯಾಗ?"

"ಇದ್ವು. ಮಂದಿ ಒಯ್ದಾರ."

ಅವಳು ತನ್ನ ಮೊಬೈಲ್ ತೆಗೆದುಕೊಂಡು ಒಳಗೆ ಹೋದಳು. ಆಗಲೇ ನಾನು ಹೆದರಬೇಕಿತ್ತು.

ಹಬ್ಬದ ದಿನ ಮಾವನವರು ಗ್ಯಾರೇಜಿಗೆ ಬಂದರು. ಕುರ್ಚಿ ಕೇಳಿದರು! ನಾನೇ ಓಡಿ ಹೋಗಿ ತಂದು ಹಾಕಿದೆ. ಅವರು ಗೋಡೆ ನೋಡಿದರು, ಚಾಪೆ ನೋಡಿದರು, ಎಣಿಸಿದರು. "ಗೆರಿ ಭಾಳ ಅದಾವ, ಸಾಮಾನ ಕಡಿಮಿ ಅದಾವಲ್ರೀ?"

"ಓಣ್ಯಾಗಿನ ಮಂದಿ ಒಯ್ತಾರ್ರಿ ಮಾಮಾರ. ಕೇಳಿದವ್ರಿಗೆ ಇಲ್ಲ ಅನ್ನಾಕ ಬರ್ತೈತೇನ್ರಿ?"

"ಭೇಷ್! ಇದ ನೋಡ್ರಿ ದೊಡ್ಡ ಗುಣ" ಎಂದರು. ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ!

ಈರಣ್ಣ ಮಾತ್ರ ಪೈಪ್ ಪಾನಾದ ಗೆರೆಯ ಮುಂದೆ ನಿಂತುಬಿಟ್ಟಿದ್ದ. "ಅಣ್ಣಾರ, ಇದು ಯಾವಾಗಿಂದ ಇಲ್ರಿ?"

"ಭಾಳ ವರ್ಷ ಆತೋ. ಯಾರ್ ಒಯ್ದಾರೋ ನೆನಪಿಲ್ಲ."

ಅವನ ಮುಖ ಸಣ್ಣದಾಯಿತು. ಊಟಕ್ಕೆ ಕೂತವನು ಒಂದು ಹೋಳಿಗೆಯನ್ನೂ ಪೂರ್ತಿ ತಿನ್ನಲಿಲ್ಲ. ನನಗೋ ಒಳಗೊಳಗೇ ಹಬ್ಬ. ಉರಿಯಲಿ, ಅವನ ಹೊಟ್ಟೆಯೂ ಒಂದು ದಿನ ಉರಿಯಲಿ! ಅವನು ಬಿಟ್ಟ ಲೆಕ್ಕಕ್ಕೆ ನಾನು ಎರಡು ಹೋಳಿಗೆ ಹೆಚ್ಚು ತಿಂದೆ.

ಮೂರು ದಿನ ಬಿಟ್ಟು ಬೆಳಿಗ್ಗೆ ಬೆಳಿಗ್ಗೆಯೇ ಬೈಕಿನ ಸದ್ದು. ಈರಣ್ಣ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಒಳಗೆ ಬಾ ಎಂದರೂ ಬರಲಿಲ್ಲ, ನೇರ ಗ್ಯಾರೇಜಿಗೆ ಹೋಗಿ ಪೇಪರ್ ಬಿಚ್ಚಿದ. ಪೈಪ್ ಪಾನಾ. ಅವನ ಗೋಡೆಯ ಮೇಲಿದ್ದದ್ದೇ.

"ತಪ್ಪಾತ್ರಿ ಅಣ್ಣಾರ" ಎಂದ.

ನನಗೆ ಅರ್ಥವಾಗಲಿಲ್ಲ.

"ನಮ್ಮ ಮನಿ ಕಟ್ಟೂ ಮುಂದ ನಿಮ್ಮ ಗೋಣಿಚೀಲ ಇಡಿಯಾಗಿ ಒಯ್ದಿದ್ದೆ ಅಲ್ರೀ? ವಾಪಸ್ ಕೊಡೂ ಮುಂದ ಇದೊಂದು ನಮ್ಮಲ್ಲೇ ಉಳದೈತಿ. ಎಷ್ಟ್ ತಲಿ ಕೆರಕೊಂಡ್ರೂ ಇದನ್ನ ನಾ ಎಲ್ಲಿ ಕೊಂಡೆ ಅಂತ ನೆನಪಾಗವಲ್ದು. ನಿಮ್ಮ ಗೆರಿ ನೋಡಿದ ಕೂಡ್ಲೆ ಎದಿ ಧಸಕ್ ಅಂತ್ರಿ." ಪಾನಾವನ್ನು ಎತ್ತಿ ಮೊಳೆಗಳ ಮೇಲೆ ಇಟ್ಟ. ಗೆರೆಯೊಳಗೆ ಸರಿಯಾಗಿ ಕೂತಿತು. "ನೋಡ್ರಿ, ಹಿಡಿ ತುದಿ ಬಾಗೈತಿ. ನಿಮ್ಮ ಗೆರಿನೂ ಅಲ್ಲೇ ಬಾಗೈತಿ. ಇನ್ನೇನ್ ಸಾಕ್ಷಿ ಬೇಕ್ರಿ?"

ನಾನು ಅಷ್ಟು ಶ್ರದ್ಧೆಯಿಂದ ಬಾಗಿಸಿದ್ದು!

"ಇಷ್ಟ್ ವರ್ಷ ನಿಮ್ಮ ಪಾನಾಕ್ಕ ನಾ ಖಂಡೇನವಮಿ ಪೂಜಿ ಮಾಡೀನ್ರಿ. ಎರವಲು ತಂದ ಸಾಮಾನ ಹಬ್ಬದೊಳಗ ಮಾಲಕನ ಮನಿ ಸೇರಬೇಕು. ಅದೂ ಗೊತ್ತಿಲ್ದ ಮಂದಿಗೆ ಗ್ವಾಡಿ ತೋರಿಸ್ಕೋತ ಕುಂತಿದ್ದೆ. ನಾಚಿಕಿ ಬಂತು. ಮಾಮಾರಿಗೂ ಫೋನ್ ಮಾಡಿ ಎಲ್ಲಾ ಹೇಳೀನಿ."

ಮಾವನವರಿಗೂ!

"ನೀನ ಇಟ್ಕೋಳೋ. ನನಗ್ಯಾಕ ಅದು?" ಎಂದು ತೊದಲಿದೆ. ಆಗಲೇ ನಿಜ ಹೇಳಿಬಿಡಬಹುದಿತ್ತು. ಅವನು ಕೈ ಮುಗಿದ. "ನಿಮ್ಮ ಮನಸ್ಸು ದೊಡ್ಡದ್ರಿ ಅಣ್ಣಾರ" ಎಂದು ಬೈಕ್ ಹತ್ತಿದ.

ಮಧ್ಯಾಹ್ನ ಮಾವನವರ ಫೋನು. "ಈರಣ್ಣ ಹಿಂಗ ಮಾಡ್ತಾನಂತ ನಾ ತಿಳಕೊಂಡಿದ್ದಿಲ್ಲ. ಮಂದಿ ಸಾಮಾನ ಗ್ವಾಡಿಗೆ ಹಾಕ್ಕೊಂಡು ಮೆರೀತಿದ್ನಲ್ರೀ! ನೀವು ದೊಡ್ಡವ್ರು, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ. ಮತ್ತ, ನಮ್ಮ ಅಡಗಿಮನಿ ಫ್ಯಾನ್ ಸಪ್ಪಳ ಮಾಡಾಕತ್ತೈತಿ. ಅವಗ ಹೇಳಿಲ್ಲ. ನೀವ ಬರ್ರಿ."

ನಾನು ತಿಂಗಳುಗಟ್ಟಲೆ ಕಾಯುತ್ತಿದ್ದ ಫೋನು ಅದು. ಬಂತು. ಹೀಗೆ ಬಂತು. ಇನ್ನೂ ಕುಷ್ಟಗಿಗೆ ಹೋಗಿಲ್ಲ.

ಅಂದು ಗಿರಿಜಾ ಬಾಯಿ ಬಿಟ್ಟಳು. ತಂಗಿ ಫೋನ್ ಮಾಡಿದ್ದಳಂತೆ. ಈರಣ್ಣ ಈಗ ಪೈಪ್ ಬಿಚ್ಚಬೇಕಾದರೆ ಮಿಲ್ಲಿನ ಬೇರೆ ಫಿಟರುಗಳ ಹತ್ತಿರ ಪಾನಾ ಕೇಳುತ್ತಾನಂತೆ. ಅವನ ಗೋಡೆಯ ಮೇಲೆ ನಡುವಿನ ದೊಡ್ಡ ಗೆರೆ ಖಾಲಿ ಇದೆಯಂತೆ. ಅಷ್ಟು ಹೇಳಿ ಗಿರಿಜಾ ಕೇಳಿದ್ದು ಒಂದೇ: "ನೀವು ನೋಡಿ ಗೆರಿ ಎಳದ ಫೋಟೋ ನನ್ನ ಮೊಬೈಲ್‌ನ್ಯಾಗ ಇನ್ನೂ ಐತಿ. ನಮ್ಮಪ್ಪಗ ನಾ ಕಳಿಸ್ಲೋ, ನೀವ ಹೇಳ್ತೀರೋ?"

ಓದುಗರೇ, ಹೇಳುವುದೇನೋ ನಾನೇ ಹೇಳುತ್ತಿದ್ದೇನೆ, ಹೀಗೆ ಎಲ್ಲರೆದುರಿಗೆ. ಆದರೆ ನನ್ನ ಹೊಟ್ಟೆಕಿಚ್ಚು ಹೋಯಿತು ಎಂದುಕೊಳ್ಳಬೇಡಿ. ಅದು ಜಾಗ ಬದಲಾಯಿಸಿದೆ, ಅಷ್ಟೇ. ಈಗ ಅವನ ಗೋಡೆಯ ಬಗ್ಗೆ ನನಗೇನೂ ಇಲ್ಲ. ತಪ್ಪೇ ಮಾಡದವನು ಬಾಗಿಲಿಗೆ ಬಂದು ಅಷ್ಟು ಸಲೀಸಾಗಿ "ತಪ್ಪಾತ್ರಿ" ಎಂದನಲ್ಲ? ತಪ್ಪು ಮಾಡಿದ ನನಗೆ ಅದೇ ಮಾತಿಗೆ ಇಡೀ ಅಂಕಣ ಬೇಕಾಯಿತು.

ಅವನು ಅವತ್ತು ಪಾನಾ ಸುತ್ತಿಕೊಂಡು ಬಂದದ್ದು ಇದೇ ಅಂಕಣದ ಹಳೆಯ ಪುಟದಲ್ಲಿ. ಪ್ರತಿ ವಾರ ಓದಿ ಎತ್ತಿಡುತ್ತಾನಂತೆ. ಹಾಗಾಗಿ ಈ ಪುಟ ಅಚ್ಚಾಗಿ ಬಂದ ದಿನವೇ ಇದರಲ್ಲೇ ಆ ಪಾನಾ ಸುತ್ತಿಕೊಂಡು ಕಾರಟಗಿಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿಂದ ನೇರ ಕುಷ್ಟಗಿಗೆ. ಫ್ಯಾನು ಬಿಚ್ಚುವ ಮುಂಚೆ ಮಾವನವರ ಬೈಗುಳ ತಿನ್ನುವುದಿದೆ, ತಿನ್ನುತ್ತೇನೆ.

ಚಿಂತೆ ಬೇರೆಯೇ ಇದೆ. ಈರಣ್ಣ ಇದನ್ನೆಲ್ಲ ಓದಿ, ಸಿಟ್ಟಾಗದೆ, ನಕ್ಕು, "ಇರಲಿ ಬಿಡ್ರಿ ಅಣ್ಣಾರ" ಎಂದುಬಿಟ್ಟರೆ, ಆ ದೊಡ್ಡತನಕ್ಕೆ ಉರಿಯುವ ಈ ಹೊಟ್ಟೆಯನ್ನು ನಾನು ಯಾವ ಮೊಳೆಗೆ ತೂಗು ಹಾಕಲಿ?