ಮೂರನೇ ಚುಕ್ಕೆ ಹರಿಯುವ ಪಾಠ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಿನಾ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ, ಮಸ್ಕಿಯಲ್ಲಿ ಚಹಾ ಕುಡಿದು, ಸಿಂಧನೂರಿನ ಕಾಲೇಜೊಂದರಲ್ಲಿ ಬಿಎಸ್ಸಿ ಕೊನೆಯ ವರ್ಷದವರಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಸಂಶೋಧನೆಗೆ ಸೀಟು ಸಿಗದೆ ಬಂದವನು. ಆ ಸಿಟ್ಟನ್ನು ಯಾರ ಮೇಲಾದರೂ ತೀರಿಸಬೇಕಿತ್ತು, ವಿದ್ಯಾರ್ಥಿಗಳು ಕೈಗೆ ಸಿಕ್ಕಿದ್ದರು. ತಪ್ಪು ಬರೆದವರ ಪೇಪರನ್ನು ವರ್ಗದ ಮುಂದೆ ಜೋರಾಗಿ ಓದಿ ನಗಿಸುತ್ತಿದ್ದೆ. ಪಾಠ ಮಾತ್ರ ಛಲೋ ಹೇಳುತ್ತಾನೆ ಎಂದು ಎಲ್ಲರೂ ಅನ್ನುತ್ತಿದ್ದರು. ಅದು ತಲೆಗೇರಿತ್ತು.

ವರ್ಗದಲ್ಲಿ ಇಬ್ಬರೇ ಹುಡುಗಿಯರು. ಒಬ್ಬಳು ಗೊರೇಬಾಳದವಳು, ಭತ್ತ ಬೆಳೆಯುವ ಮನೆತನ. ಅವರ ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣು ಆಕೆಯೇ. ಪರೀಕ್ಷೆಗೆ ಎರಡು ತಿಂಗಳಿತ್ತು. ಡಿಗ್ರಿ ಕೈಗೆ ಬಂದರೆ ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ಅನ್ನುತ್ತಿದ್ದಳು. ಆಕೆ ಪ್ರಶ್ನೆ ಕೇಳುತ್ತಿದ್ದಳು. ಕೆಲವಕ್ಕೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಅದಕ್ಕೇ ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಈಗ ಹೇಳಬಲ್ಲೆ.

ಜೀವಕೋಶದಲ್ಲಿ ಜಿಟಿಪಿ ಎಂಬ ಅಣುವನ್ನು ಹಿಡಿದು ಕೆಲಸ ಮಾಡುವ, ರಾಸ್‌ನಂಥ ಸಣ್ಣ ಪ್ರೋಟೀನುಗಳ ಬಗ್ಗೆ ನಮ್ಮ ಪುಸ್ತಕದಲ್ಲಿದ್ದದ್ದು ಎರಡೇ ಸಾಲು. ಧಾರವಾಡದ ಗೆಳೆಯನೊಬ್ಬ ಹೊಸ ಪ್ರಬಂಧದ ಝೆರಾಕ್ಸ್ ಕಳಿಸಿದ್ದ. ಅದನ್ನು ಓದಿ ಹಿಗ್ಗಿ, ಚೀಟಿ ಕತ್ತರಿಸಿಕೊಂಡು ವರ್ಗಕ್ಕೆ ಹೋದೆ. ಚೀಟಿಯ ಮೇಲೆ ಮೂರು ಚುಕ್ಕೆ ಇದ್ದರೆ ಜಿಟಿಪಿ, ಎರಡಿದ್ದರೆ ಜಿಡಿಪಿ. ಚುಕ್ಕೆ ಅಂದರೆ ಫಾಸ್ಫೇಟು. ಮೂರರ ಚೀಟಿ ಹಿಡಿದ ಪ್ರೋಟೀನು ಆಕಾರ ಬದಲಿಸಿ ಎದ್ದು ನಿಲ್ಲುತ್ತದೆ, ಜೀವಕೋಶಕ್ಕೆ ಬೆಳೆ, ಒಡೆದು ಎರಡಾಗು ಎಂಬ ಸುದ್ದಿ ಮುಟ್ಟಿಸುತ್ತದೆ. ಮೂರನೆಯ ಚುಕ್ಕೆಯನ್ನು ಹರಿದು ಒಗೆದರೆ ಸುಮ್ಮನೆ ಕೂರುತ್ತದೆ.

ಆ ದಿನ ಇನ್ನೊಬ್ಬ ಹುಡುಗಿ ಬಂದಿರಲಿಲ್ಲ. ಬೇಕೆಂದೇ ಗೊರೇಬಾಳದವಳನ್ನು ಮುಂದೆ ಕರೆದು ಕುರ್ಚಿಯಲ್ಲಿ ಕೂರಿಸಿದೆ. ಎರಡು ಚುಕ್ಕೆಯ ಚೀಟಿ ಕೊಟ್ಟು, "ನೀನು ರಾಸ್ ಪ್ರೋಟೀನು" ಎಂದೆ. ಪ್ರೋಟೀನು ಹಳೆಯ ಚೀಟಿಯನ್ನು ಸುಲಭಕ್ಕೆ ಬಿಡುವುದಿಲ್ಲ, ಬಿಡಿಸುವುದಕ್ಕೇ ಇನ್ನೊಂದು ಪ್ರೋಟೀನು ಇದೆ. ಮುಂದಿನ ಬೆಂಚಿನ ಹುಡುಗ ಬಂದು ಚೀಟಿಯ ತುದಿ ಹಿಡಿದು ಎಳೆದ. ಜೀವಕೋಶದಲ್ಲಿ ಜಿಟಿಪಿಯೇ ಹೆಚ್ಚು, ಹಾಗಾಗಿ ಮೇಜಿನ ಮೇಲೂ ಮೂರು ಚುಕ್ಕೆಯವನ್ನೇ ರಾಶಿ ಹಾಕಿದ್ದೆ. ಆಕೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಎದ್ದು ನಿಂತಳು. ಇಲ್ಲಿಯವರೆಗೆ ಎಲ್ಲರಿಗೂ ಪಾಠ ತಿಳಿಯಿತು, ಆಕೆಯೂ ನಗುತ್ತಿದ್ದಳು.

ಮುಂದಿನದು ನನ್ನ ಝೆರಾಕ್ಸಿನ ಭಾಗ. ಈ ಪ್ರೋಟೀನು ತಾನಾಗಿ ಚುಕ್ಕೆ ಹರಿಯುವುದು ಬಹಳ ನಿಧಾನ. ನೆರವಿಗೆ ಬರುವ ಮತ್ತೊಂದು ಪ್ರೋಟೀನು ಬೆರಳಿನಂಥ ತನ್ನದೊಂದು ಭಾಗವನ್ನೇ ಒಳಗೆ ತೂರಿಸಿ ಹರಿಸುತ್ತದೆ. ಹಿಂದಿನ ಬೆಂಚಿನ ಒಬ್ಬನನ್ನು ಕರೆದು, "ಹೋಗು, ಆಕೀ ಕೈ ಹಿಡಿದು ಹರಿಸು" ಎಂದೆ.

ಅವನು ಅಲುಗಲಿಲ್ಲ. "ಬ್ಯಾಡ್ರಿ ಸರ" ಎಂದ. "ಪಾಠ ಬ್ಯಾಡಾದ್ರ ಮನೀಗೆ ಹೋಗಲೇ" ಎಂದು ಗದರಿದೆ. ಹುಡುಗ ಹುಡುಗಿ ಒಂದೇ ಬೆಂಚಿನಲ್ಲಿ ಕೂರದ ಊರು ಅದು. ಅದು ಗೊತ್ತಿದ್ದೇ ಹೇಳಿದ್ದೆ. ಅವನು ಬಂದು ಆಕೆಯ ಮಣಿಕಟ್ಟು ಹಿಡಿದ. ಆಕೆ ಹಿಂದೆ ಸರಿದಳು. "ಪ್ರೋಟೀನಿಗೆ ನಾಚಿಕೆ ಇರಾಂಗಿಲ್ಲವಾ" ಎಂದೆ. ವರ್ಗವೆಲ್ಲ ಬೆಂಚು ಬಡಿದು ನಕ್ಕಿತು. ಆ ನಗು ನನಗೆ ಹಿತವಾಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಟ್ಟುಹೋದ ರಾಸ್ ಹೇಳುವುದು ಬಾಕಿ ಇತ್ತು. ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ನೆರವಿನ ಬೆರಳಿಗೆ ಸರಿಯಾದ ಜಾಗ ಸಿಗದೆ ಚುಕ್ಕೆ ಹರಿಯುವುದಿಲ್ಲ. ಪ್ರೋಟೀನು ಕೂರುವುದಿಲ್ಲ, ಸುದ್ದಿ ನಿಲ್ಲುವುದಿಲ್ಲ. ಕೆಲವು ಗಡ್ಡೆಗಳು ಬೆಳೆಯುವುದು ಹೀಗೆ. "ಈಗ ನೀ ಕೆಟ್ಟ ಪ್ರೋಟೀನು, ಹರಿಯಬ್ಯಾಡ" ಎಂದು ಆಕೆಗೂ, "ನೀ ಕೈ ಬಿಡಬ್ಯಾಡ" ಎಂದು ಅವನಿಗೂ ಹೇಳಿ, ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದೆ.

"ಸರ, ಸಾಕ್ರಿ" ಎಂದಳು.

"ಕ್ಯಾನ್ಸರಿಗೆ ಸಾಕು ಅನ್ನೋದು ಗೊತ್ತಿಲ್ಲ" ಎಂದೆ. ಮತ್ತೆ ನಗು. ಬೆಲ್ಲು ಹೊಡೆಯುವವರೆಗೆ ಅವರಿಬ್ಬರನ್ನೂ ಹಾಗೇ ನಿಲ್ಲಿಸಿದೆ. ಆಕೆ ಅಳುತ್ತಿದ್ದಳು, ನಾನು ನೋಡಿದ್ದೆ.

ಗೊರೇಬಾಳದ ಕಡೆಯ ಬಸ್ಸಿನಲ್ಲಿ ನಮ್ಮ ವರ್ಗದವರೇ ಐದಾರು ಜನ ಹೋಗುತ್ತಿದ್ದರು. ಸಂಜೆಯೊಳಗೆ ಸುದ್ದಿ ಊರು ಮುಟ್ಟಿತು, ಮುಟ್ಟುವಷ್ಟರಲ್ಲಿ ಬೇರೆಯೇ ಆಗಿತ್ತು. ವರ್ಗದಲ್ಲಿ ಎಲ್ಲರೆದುರು ಆಕೆ ಒಬ್ಬ ಹುಡುಗನ ಕೈ ಹಿಡಿದು ನಿಂತಿದ್ದಳಂತೆ. ಪಾಠ, ಚೀಟಿ, ಪ್ರೋಟೀನು ಯಾವುದೂ ಆ ಸುದ್ದಿಯಲ್ಲಿ ಇರಲಿಲ್ಲ.

ಮೂರನೆಯ ದಿನ ಆಕೆಯ ಅಪ್ಪ ಮಗಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮಡಿಸಿದ ಟವೆಲ್ಲು. ನಾನು ಒಳಗೆ ಹೋಗುವ ಮುಂಚೆಯೇ ಪ್ರಿನ್ಸಿಪಾಲರು ಬಾಗಿಲಲ್ಲಿ ತಡೆದು, ಗಲಾಟೆ ಆದರೆ ಬರುವ ವರ್ಷ ನಿನ್ನನ್ನು ಇಟ್ಟುಕೊಳ್ಳುವುದಿಲ್ಲ ಎಂದಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಜಗಳಕ್ಕೆ ಬಂದಿರಬೇಕು ಅಂದುಕೊಂಡಿದ್ದೆ. ಅವರು ಕೈ ಮುಗಿದರು. "ನಾ ಓದಿದವ ಅಲ್ರಿ ಸರ. ಊರಾಗ ಮಂದಿ ಏನೇನೋ ಅನ್ನಾಕತ್ಯಾರ. ಸರ ಕೈ ಹಿಡಿಸಿ ನಿಲ್ಲಿಸಿದ್ರು ಅಂತ ಮಗಳು ಹೇಳತಾಳ, ಆ ಹುಡುಗನೂ ಹಂಗ ಅಂತಾನ. ನೀವ ಒಂದ್ ಮಾತು ಹೌದು ಅನ್ರಿ. ಪರೀಕ್ಷಾಕ ನಾನ ಕೈ ಹಿಡಿದು ಕರಕೊಂಡು ಬರ್ತೀನಿ. ಯಾರು ಏನಂತಾರ ನೋಡೋಣು."

ಆಕೆ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಪ್ರಿನ್ಸಿಪಾಲರೂ ನೋಡುತ್ತಿದ್ದರು.

"ಇಲ್ರಿ" ಎಂದೆ. "ನಾ ಹಂಗೇನೂ ಹೇಳಿಲ್ಲ."

ಅಪ್ಪ ಮಗಳ ಕಡೆ ತಿರುಗಿದರು. "ಏನವಾ, ಸರ ಹಿಂಗಂತಾರ?"

ನಾನು ನೆಲ ನೋಡಿದೆ. ಈಗ ಕೂಗುತ್ತಾಳೆ, ಸುಳ್ಳು ಅನ್ನುತ್ತಾಳೆ, ಅತ್ತುಕೊಂಡು ವರ್ಗದ ಮೂವತ್ತು ಜನರ ಸಾಕ್ಷಿ ಕರೆಯುತ್ತಾಳೆ ಎಂದು ಕಾದೆ. ಅವಳ ಸಿಟ್ಟಿಗೆ ಕೊಡಬೇಕಾದ ಉತ್ತರವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

"ಸರ ಹೇಳಿದ್ದ ಖರೇ ಅಪ್ಪಾ. ನಡೀ, ಬಸ್ಸು ಬಂದಿರತೈತಿ" ಎಂದಳು.

ಆಕೆ ಪರೀಕ್ಷೆಗೆ ಬರಲಿಲ್ಲ. ನಾನು ಮುಂದಿನ ವರ್ಷ ಕಾಯಂ ಆದೆ. ಅಂದು ಆಕೆ ನನ್ನನ್ನು ಸುಳ್ಳುಗಾರ ಎಂದು ಬೈದಿದ್ದರೆ, ಇಷ್ಟು ವರ್ಷ ಆಕೆಯನ್ನೇ ಉದ್ಧಟೆ ಎಂದುಕೊಂಡು ನೆಮ್ಮದಿಯಿಂದ ಇದ್ದುಬಿಡುತ್ತಿದ್ದೆ.