ಹಸಿ ಗೋಣಿತಟ್ಟಿನ ಕಸೂರು

ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಮಚ್ಛೇಂದ್ರನ ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡ ಮಾತಾದೀತು. ಎರಡು ಸತ್ತ ಫ್ರಿಜ್ಜು, ಒಂದು ಮುರುಕು ಸ್ಟೂಲು, ಗೋಡೆಗೆ ನೇತುಹಾಕಿದ ತಾಮ್ರದ ನಳಿಕೆಯ ಸುರುಳಿ, ಅಷ್ಟೇ. ಯಜಮಾನ ಅಲ್ಲಿ ಕೈಗೆ ಸಿಗುತ್ತಿದ್ದುದೇ ಅಪರೂಪ. ಬೇಸಿಗೆ ಬಂತೆಂದರೆ ಇವತ್ತು ಭಾಲ್ಕಿ, ನಾಳೆ ಔರಾದ್, ನಡುವೆ ಬೀದರಿನ ಹತ್ತಾರು ಮಾಳಿಗೆ ಎಂದು ಹಳೇ ಸ್ಕೂಟರಿನ ಮೇಲೆ ಅಲೆಯುತ್ತಿದ್ದ. ಐವತ್ತು ದಾಟಿದ ಮನುಷ್ಯ. ಊರಿಗೆಲ್ಲ ತಂಪು ಹಂಚುವವನ ಸ್ವಂತ ಮನೆಯಲ್ಲಿ ಒಂದು ಕಿರುಗುಡುವ ಫ್ಯಾನು ಮಾತ್ರ ಇತ್ತು.

ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿ. ಎಪ್ಪತ್ತೆರಡರ ಬರದಲ್ಲಿ ತಾಯಿ ಶೇವಂತಾಬಾಯಿ ಮಗನನ್ನು ಕಟ್ಟಿಕೊಂಡು ಹೈದರಾಬಾದಿನ ದಾರಿ ಹಿಡಿದಳು. ಆಕೆ ಅಲ್ಲಿ ಕಟ್ಟಡಗಳಿಗೆ ಇಟ್ಟಂಗಿ ಹೊತ್ತಳು. ಮಗ ಮೀಸೆ ಮೂಡಿದ ಮೇಲೆ ಫ್ರಿಜ್ ರಿಪೇರಿಯ ಅಬ್ದುಲ ಖಾದರ ಉಸ್ತಾದರ ಬಳಿ ಕೆಲಸ ಕಲಿತ. ಉಸ್ತಾದರು ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಮುಂಚೆ ನಿನ್ನನ್ನು ನೀನೇ ಕೇಳಿಕೋ, ಯಾತರದು ಕಸೂರು? ಉತ್ತರ ಸಿಗುವ ತನಕ ಏನನ್ನೂ ಬಿಚ್ಚಬೇಡ. ಆ ಪಾಠ ಹೊತ್ತು ಬೀದರಿಗೆ ಬಂದು ಈ ಅಂಗಡಿ ತೆರೆದು ಇಪ್ಪತ್ತೈದು ವರ್ಷವಾಗಿತ್ತು.

ಕಸೂರು ಎಂಬ ಮಾತು ನಮ್ಮ ಕಡೆ ಎರಡು ಕೆಲಸ ಮಾಡುತ್ತದೆ. ಯಂತ್ರದ ಬಗ್ಗೆ ಆಡಿದರೆ ಅದು ದೋಷ, ಮನುಷ್ಯನ ಬಗ್ಗೆ ಆಡಿದರೆ ಅಪರಾಧ. ಮಚ್ಛೇಂದ್ರನಿಗೆ ಮೊದಲನೆಯದರಲ್ಲಿ ಮಾತ್ರ ಪರಿಣತಿ. ಬೀದರಿನ ಉಳಿದ ರಿಪೇರಿಯವರಿಗೆ ಏಸಿಗೆ ಬರುವ ಎಲ್ಲ ರೋಗಕ್ಕೂ ಒಂದೇ ಹೆಸರು, ಗ್ಯಾಸ್ ಹೋಗ್ಯದ. ಇವನು ಹಾಗಲ್ಲ, ಮೊದಲು ಗಾಳಿಗೆ ಅಂಗೈ ಒಡ್ಡುವನು, ಧೂಳು ಹಿಡಿದ ಫಿಲ್ಟರ್ ತೊಳೆಯುವನು, ಕಂಪ್ರೆಸರಿನ ಸದ್ದಿಗೆ ಕಿವಿ ಕೊಡುವನು, ಗ್ಯಾಸಿನ ಮಾತು ಕಟ್ಟಕಡೆಗೆ. ಬೇರೆಯವರಿಗೆ ಸಿಗದ ಕಸೂರು ತನಗೆ ಸಿಕ್ಕಿತೆಂದರೆ ಹತ್ತು ಜನರೆದುರು ಹೇಳಿಕೊಳ್ಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಒಳ್ಳೆಯವನೇ, ಆದರೆ ಈ ಹಮ್ಮು ಇತ್ತು, ಮುಚ್ಚಿಟ್ಟು ಏನು ಮಾಡುವುದು?

ಎರಡು ಸಾವಿರದ ಹದಿನಾರರ ಬೇಸಿಗೆಯನ್ನು ಬೀದರಿನವರು ಇನ್ನೂ ಮರೆತಿಲ್ಲ. ಮಳೆ ಸಾಲುಸಾಲು ವರ್ಷ ಕೈಕೊಟ್ಟಿತ್ತು. ಬಾವಿಗಳ ತಳದಲ್ಲಿ ಕಲ್ಲು ಕಾಣುತ್ತಿತ್ತು, ಊರಲ್ಲಿ ಎಂಟು ದಿನಕ್ಕೊಮ್ಮೆ ಟ್ಯಾಂಕರ್. ಔರಾದ್ ಕಡೆಯಿಂದ ಬರುವ ಬಸ್ಸುಗಳ ತುಂಬ ಗಂಟುಮೂಟೆ, ಎಲ್ಲ ಹೈದರಾಬಾದ್ ಇಲ್ಲವೆ ಪುಣೆಯ ಕಟ್ಟಡ ಕೆಲಸಕ್ಕೆ ಹೊರಟ ಜನ. ಕುಡಿಯುವ ನೀರಿಗೆ ಜಗಳವಾಡಿದ ಆ ವರ್ಷವೇ ಊರಲ್ಲಿ ಹಿಂದೆಂದೂ ಇಲ್ಲದಷ್ಟು ಏಸಿ ಕೂತವು. ಮಚ್ಛೇಂದ್ರನಿಗೆ ಇದು ನಗು ತರಿಸುತ್ತಿತ್ತು, ಸಂಕಟವನ್ನೂ ತರುತ್ತಿತ್ತು.

ಬಿದ್ರಿ ಸಾಮಾನಿನ ವ್ಯಾಪಾರಿ ಅಬ್ದುಲ ಮಜೀದನ ಫೋನ್ ಬಂದದ್ದು ಮೇ ತಿಂಗಳಲ್ಲಿ. ಅವನ ತಾಯಿ ಹಾಜಿರಾಬೀಗೆ ಎಂಬತ್ತು ವರ್ಷ. ಬಿಸಿಲು ಬಡಿದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಕೋಣೆ ತಂಪಾಗಿರಲೇಬೇಕು, ಇನ್ನೊಮ್ಮೆ ಹೀಗಾದರೆ ಜೀವ ತಡೆಯಲಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಗ ಅವತ್ತೇ ಏಸಿ ಹಾಕಿಸಿದ. ಎರಡು ದಿನ ಸರಿಯಿತ್ತು. ಆಮೇಲೆ ಹದಿನೈದು ದಿನದಿಂದ ಅದೇ ಗೋಳು. ಬೆಳಿಗ್ಗೆ ತಂಪು, ಹನ್ನೊಂದಾದ ಮೇಲೆ ಬರೀ ಬಿಸಿಗಾಳಿ, ಸಂಜೆಗೆ ಮತ್ತೆ ತಂಪು. ಇಬ್ಬರು ರಿಪೇರಿಯವರು ಸಂಜೆ ಹೊತ್ತು ಬಂದು, ಇಬ್ಬರೂ ಗ್ಯಾಸ್ ತುಂಬಿ ಹೋಗಿದ್ದರು.

ಮಚ್ಛೇಂದ್ರ ಹೋದದ್ದೂ ಸಂಜೆಯೇ. ಫಿಲ್ಟರ್ ಸ್ವಚ್ಛ, ಮಾಳಿಗೆಯ ಮೇಲಿನ ಹೊರಗಿನ ಮಿಷನ್ನಿನ ಪಂಖ ಸರಿಯಾಗಿ ತಿರುಗುತ್ತಿತ್ತು. ಗ್ಯಾಸು ಕಡಿಮೆಯಿರುವುದು ಹಾಗಿರಲಿ, ಹೆಚ್ಚೇ ಇತ್ತು. ಒಂದಿಷ್ಟು ಹೊರಗೆ ಬಿಟ್ಟ. ಕೋಣೆಯಲ್ಲಿ ಒಬ್ಬ ಹೆಂಗಸು ಹಾಜಿರಾಬೀಗೆ ಖಿಚಡಿ ಕಲಸಿ ಕೈತುತ್ತು ಕೊಡುತ್ತಿದ್ದಳು. ನಲವತ್ತರ ಆಸುಪಾಸು, ಹೆಸರು ಕೇಶರಬಾಯಿ, ಔರಾದ್ ತಾಲ್ಲೂಕಿನ ಸಂತಪುರದವಳು. ಮುದುಕಿಯ ಆರೈಕೆಗೆಂದು ಅದೇ ಮನೆಯಲ್ಲಿ ಇದ್ದಳು. ಅವಳ ಅಣ್ಣ ಅತ್ತಿಗೆ ಇನ್ನು ನಾಲ್ಕಾರು ದಿನದಲ್ಲಿ ಹೈದರಾಬಾದಿಗೆ ಹೊರಡುವವರಂತೆ. ಈ ಮನೆ ಸಿಕ್ಕಿದ್ದರಿಂದ ತನಗೆ ಇಟ್ಟಂಗಿ ಹೊರುವುದು ತಪ್ಪಿತು ಎಂದಳು. ಮಚ್ಛೇಂದ್ರನ ಕುತ್ತಿಗೆಯಲ್ಲಿದ್ದ ನೀಲಿ ದಾರ ಕಂಡು ಸಣ್ಣ ದನಿಯಲ್ಲಿ ಜೈಭೀಮ್ ಅಣ್ಣಾ ಅಂದಿದ್ದಳು. ಇಟ್ಟಂಗಿಯ ಮಾತು ಕೇಳಿ ಅವನಿಗೆ ತಾಯಿಯ ನೆತ್ತಿಯ ಮೇಲಿನ ಸಿಂಬಿ ನೆನಪಾಯಿತು.

ಕಸೂರು ಸಿಗಲಿಲ್ಲ. ನೀವೂ ಅವರಂಗೇ ಎಂದು ಮಜೀದ ಮುಖ ಸಿಂಡರಿಸಿದ. ಆ ಮಾತು ಮಚ್ಛೇಂದ್ರನಿಗೆ ಚುಚ್ಚಿತು. ಬಿಸಿಲಲ್ಲಿ ಮಾತ್ರ ಬರುವ ರೋಗವನ್ನು ಬಿಸಿಲಲ್ಲೇ ನೋಡಬೇಕು, ಕಾದ ಮಾಳಿಗೆ ಹತ್ತಲು ಅಂಜಿ ಎಲ್ಲರೂ ಸಂಜೆಗೆ ಬಂದರೆ ಅದು ಸಿಗುವುದಾದರೂ ಹೇಗೆ ಎಂದುಕೊಂಡು, ಮರುದಿನ ನೆತ್ತಿ ಸುಡುವ ಹೊತ್ತಿಗೆ ಹೋದ.

ಮೆಟ್ಟಿಲು ಮುಗಿಯುವ ಮುಂಚೆಯೇ ಕಸೂರು ಕಣ್ಣಿಗೆ ಬಿತ್ತು. ಹೊರಗಿನ ಮಿಷನ್ನಿಗೆ ಸುತ್ತಲೂ ಗೋಣಿತಟ್ಟು ಹೊದಿಸಿ, ಸುತಳಿಯಿಂದ ಬಿಗಿದು, ಕೇಶರಬಾಯಿ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಅವನನ್ನು ಕಂಡು ಹೆದರಲಿಲ್ಲ, ಒಳ್ಳೇ ಕೆಲಸ ಮಾಡುವವರಿಗೆ ಹೆದರಿಕೆ ಎಲ್ಲಿಂದ ಬರಬೇಕು? ಬಿಸಿಲಲ್ಲಿ ಮಿಷನ್ನು ಪಾಪ ಕಾದು ಕೆಂಡವಾಗಿರುತ್ತದೆ, ಅದೇ ಕಾದರೆ ಬೀಬಿಗೆ ತಂಪು ಎಲ್ಲಿಂದ ಕೊಟ್ಟೀತು ಎಂಬುದು ಅವಳ ಲೆಕ್ಕ. ಸಂತಪುರದಲ್ಲಿ ಕೊಡಕ್ಕೂ ಹಸಿ ತಟ್ಟು, ಕೋಳಿಗೂಡಿಗೂ ಹಸಿ ತಟ್ಟು, ಹೊಲದಲ್ಲಿ ಮಲಗಿಸಿದ ಕೂಸಿನ ಜೋಳಿಗೆಗೂ ಅದೇ. ಹೊತ್ತಿಳಿದ ಮೇಲೆ ತಟ್ಟು ಬಿಚ್ಚಿ ಒಯ್ದು ಕುಡಿಯುವ ನೀರಿನ ಕೊಡಕ್ಕೆ ಸುತ್ತುತ್ತಿದ್ದಳು. ಹಗಲು ಮಜೀದ ಅಂಗಡಿಯಲ್ಲಿ, ಅವನ ಹೆಂಡತಿ ಮಹಮೂದಾ ಬೇಗಂಗೆ ಮೊಣಕಾಲು ನೋವು. ಹಾಗಾಗಿ ಮಾಳಿಗೆ ಹತ್ತಿ ನೋಡಿದವರೇ ಇರಲಿಲ್ಲ.

ಈ ಬರದಲ್ಲಿ ಇಷ್ಟು ನೀರು ಎಲ್ಲಿಂದ ಎಂದು ಮಚ್ಛೇಂದ್ರ ಕೇಳಿದ. ಮಹಮೂದಾ ಬೇಗಂ ಜಳಕಕ್ಕೆಂದು ದಿನಕ್ಕೆ ಆಳಿಗೊಂದು ಬಕೀಟು ಅಳೆದು ಕೊಡುತ್ತಿದ್ದರು. ಕೇಶರಬಾಯಿಯ ಪಾಲಿನ ಬಕೀಟು ಪೂರ್ತಿ ಈ ತಟ್ಟಿಗೆ ಸುರಿಯುತ್ತಿತ್ತು.

ಅವನಿಗೆ ಮೊದಲು ನಗು ಬಂತು, ಆಮೇಲೆ ಅವಳ ಕೈಯಿಂದ ತಂಬಿಗೆ ತೆಗೆದು ಕೆಳಗಿಟ್ಟ. ತಿಳಿಸಿ ಹೇಳಿದ. ಕೊಡಕ್ಕೆ ಉಸಿರಾಟವಿಲ್ಲ, ಇದಕ್ಕೆ ಇದೆ. ಕೋಣೆಯ ಬಿಸಿಯನ್ನೆಲ್ಲ ಎಳೆದು ತಂದು ಇಲ್ಲಿ ಹೊರಗೆ ಬಿಡುತ್ತದೆ. ಸುತ್ತ ತಟ್ಟು ಕಟ್ಟಿದರೆ ಬಿಸಿ ಹೋಗಲು ದಾರಿಯಿಲ್ಲ, ಕಂಪ್ರೆಸರ್ ಕಾದು ತಾನೇ ಬಂದ್ ಆಗುತ್ತದೆ. ಕೇಶರಬಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು. ತಟ್ಟು ತೆಗೆದು ಸ್ವಲ್ಪ ಹೊತ್ತಿಗೆಲ್ಲ ಕೆಳಗಿನ ಕೋಣೆಗೆ ತಣ್ಣನೆಯ ಗಾಳಿ ಬಂತು.

ಮಚ್ಛೇಂದ್ರನಿಗೆ ತಡೆಯಲಾಗಲಿಲ್ಲ. ಮಾಳಿಗೆಯ ಮೇಲಿಂದಲೇ ಮಜೀದನಿಗೆ ಫೋನ್ ಹಚ್ಚಿ ಕಸೂರು ಸಿಕ್ಕಿತು ಎಂದ. ಆ ಕಡೆಯಿಂದ ಮಜೀದ ಕೇಳಿದ, "ಯಾರ್ದು ಕಸೂರು?"

ಇಪ್ಪತ್ತೈದು ವರ್ಷದಲ್ಲಿ ಎಲ್ಲರೂ ಕೇಳಿದ್ದು ಯಾತರದು ಎಂದು. ಯಾರದು ಎಂದು ಕೇಳಿದವನು ಇವನೊಬ್ಬನೇ. ಒಂದಕ್ಷರದ ವ್ಯತ್ಯಾಸ. ಗೆದ್ದ ಖುಷಿಯಲ್ಲಿದ್ದವನ ಕಿವಿಗೆ ಅದು ಬೀಳಲಿಲ್ಲ. "ಕೇಶರಬಾಯಿದ್ರಿ ಸಾಬ್ರೆ, ಹೊರಗಿನ ಮಿಷನ್ನಿಗಿ ಹಸಿ ಗೋಣಿತಟ್ಟು ಕಟ್ಟ್ಯಾಳ" ಎಂದುಬಿಟ್ಟ. ಮುಂದಿನದು ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಹಚ್ಚಬಹುದಿತ್ತು. ಭಾಲ್ಕಿಯಲ್ಲಿ ಇನ್ನೊಂದು ಏಸಿ ಕಾದಿತ್ತು, ಹೊರಟುಹೋದ.

ಎರಡು ದಿನ ಬಿಟ್ಟು ಮಜೀದನದೇ ಫೋನ್. ಏಸಿ ಮತ್ತೆ ತಂಪು ಕೊಡುತ್ತಿಲ್ಲ. ಮಚ್ಛೇಂದ್ರ ಓಡಿಬಂದು ಮಾಳಿಗೆ ನೋಡಿದ, ತಟ್ಟು ಇಲ್ಲ. ಕೋಣೆಗೆ ಬಂದರೆ ಮಿಷನ್ನೇ ಬಂದ್. ಮಹಮೂದಾ ಬೇಗಂ ಅನ್ನದ ತಟ್ಟೆ ಹಿಡಿದು ನಿಂತಿದ್ದರು, ತಟ್ಟೆ ತುಂಬಿದಂತೆಯೇ ಇತ್ತು. ಹುಡುಕಿದರೆ ರಿಮೋಟು ಹಾಜಿರಾಬೀಯ ದಿಂಬಿನ ಕೆಳಗೆ.

"ಮಿಷನ್ ಛಲೋ ಅದ ಬೇಟಾ. ನಾನೇ ಬಂದ್ ಮಾಡೇನಿ" ಎಂದಳು ಮುದುಕಿ. ಮಚ್ಛೇಂದ್ರ ಫೋನ್ ಮಾಡಿದ ಮಧ್ಯಾಹ್ನವೇ ಮಜೀದ ಬಂದು, ನನ್ನ ತಾಯಿಯ ಜೀವ ತೆಗೆಯುತ್ತಿದ್ದೆಯಾ ಎಂದು ಕೂಗಾಡಿ ಕೇಶರಬಾಯಿಯನ್ನು ಹೊರಗೆ ಹಾಕಿದ್ದ. ಆಕೆ ಗಂಟು ಕಟ್ಟಿಕೊಂಡು ಹೋದಳಂತೆ. ಮಚ್ಛೇಂದ್ರ ಕೈಯಲ್ಲಿದ್ದ ರಿಮೋಟು ಕೆಳಗಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಿಷನ್ನಿನ ಕಸೂರು ಹುಡುಕಲು ಬಂದವನು ಅದನ್ನೊಯ್ದು ಒಂದು ಬಡಜೀವದ ಹಣೆಗೆ ಹಚ್ಚಿ, ಹೊಗಳಿಕೆಗೆ ಕಾದಿದ್ದ.

ಅರ್ಧ ಹೇಳಿದ್ದನ್ನು ಈಗ ಪೂರ್ತಿ ಹೇಳಿದ. ಬಾಗಿಲಲ್ಲಿ ನಿಂತಿದ್ದ ಮಜೀದನೂ ಕೇಳಿದ. ಬಕೀಟಿನ ಸಂಗತಿ ಬಂದಾಗ ಹಾಜಿರಾಬೀ ಕಣ್ಣು ಮುಚ್ಚಿದಳು.

"ಅಕಿ ಜಳಕಾ ಮಾಡಿಲ್ಲಂತ ನನ್ನ ಮೂಗಿಗಿ ಗೊತ್ತಿತ್ತು. ಕೇಳಿದ್ರ ನಾಚಕೋತಾಳಂತ ಸುಮ್ಮನಿದ್ದೆ. ನೀರು ಎಲ್ಲಿ ಹೋಗ್ತದಂತ ಗೊತ್ತಿರಲಿಲ್ಲ ಬೇಟಾ" ಎಂದಳು. ಕೇಶರಬಾಯಿ ಬರುವ ತನಕ ಆ ತಂಪು ತನಗೆ ಬೇಡ ಎಂದು ಗೋಡೆಗೆ ಮುಖ ತಿರುಗಿಸಿದಳು. ಮಜೀದ ನೆಲ ನೋಡುತ್ತಲೇ, ಅಕಿನ ಕರಕೊಂಡು ಬರ್ರಿ ಎಂದ. ತಾನೇ ಹೋಗಿ ಕರೆಯಲು ಅವನಿಗೆ ಮುಖವಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮಚ್ಛೇಂದ್ರ ಸಂತಪುರ ಮುಟ್ಟಿದ. ನಿಲ್ದಾಣದ ಪಕ್ಕದಲ್ಲಿ ಹೈದರಾಬಾದಿಗೆ ಹೊರಟ ಟೆಂಪೋ ತುಂಬುತ್ತಿತ್ತು. ಪಾತ್ರೆ, ಹಾಸಿಗೆ, ಜೋಳದ ಚೀಲ. ಕೇಶರಬಾಯಿ ಅಣ್ಣ ಅತ್ತಿಗೆಯ ಜೊತೆ ನಿಂತಿದ್ದಳು, ಅವಳ ಗಂಟು ಆಗಲೇ ಮೇಲೇರಿತ್ತು. ಅವನನ್ನು ಕಂಡವಳು ಸಿಟ್ಟು ಮಾಡಲಿಲ್ಲ.

"ಬೀಬಿ ಖೋಲಿ ತಂಪಾಯ್ತೇನ್ರಿ ಅಣ್ಣಾ?"

ಮಿಷನ್ ಸರಿಯಾಯಿತು ಎಂದ. ಹಂಗಾದ್ರ ಛಲೋ ಆಯ್ತು ಬಿಡ್ರಿ ಎಂದಳು. ಅವನು ತನ್ನ ತಪ್ಪು ಒಪ್ಪಿಕೊಂಡ, ಮಜೀದನೇ ಕರೆಯಲು ಕಳಿಸಿದ್ದಾನೆ ಎಂದ. ಅವಳು ಒಪ್ಪಲಿಲ್ಲ. ತಟ್ಟಿಗೆ ಸುರಿದದ್ದು ನಿನ್ನ ಜಳಕದ ನೀರೆಂದು ಎಲ್ಲರೆದುರು ಹೇಳಿ ಬಂದಿದ್ದೇನೆ ಎಂದಾಗ ಮಾತ್ರ ಅವಳ ಮುಖ ಕಪ್ಪಿಟ್ಟಿತು.

"ಅದನ್ಯಾಕ ಹೇಳಿದ್ರಿ ಅಣ್ಣಾ? ಮೈ ತೊಳೀಲಾರದಾಕಿ ನಮ್ಮ ತಾಯಿಗಿ ತುತ್ತು ಕೊಟ್ಟಾಳ ಅಂತಾರಲ್ರಿ. ನಮ್ಮಂಥವರಿಗಿ ಮೊದಲೇ ಹೆಸರು ಇಡ್ಲಾಕ ಕಾಯ್ತಿರ್ತಾರ. ಇನ್ನ ಯಾವ ಮಾರಿ ತಗೊಂಡು ಬರ್ಲಿ?"

ಟೆಂಪೋದವನು ಹಾರ್ನ್ ಹೊಡೆದ. ಮಚ್ಛೇಂದ್ರನಿಗೆ ತಾನು ಮಾಡಿದ್ದು ಹೊಳೆಯಿತು. ಎರಡನೇ ಸಲವೂ ಇವಳ ವಿಷಯವನ್ನು ಇವಳನ್ನು ಕೇಳದೆಯೇ ಆಡಿ ಬಂದಿದ್ದ.

"ನಾ ಹೇಳೋಕಿಂತ ಮೊದಲೇ ಬೀಬಿಗಿ ಗೊತ್ತಿತ್ತು ತಂಗಿ" ಎಂದ ಮೆಲ್ಲಗೆ. "ವಾಸನಿ ಬರ್ತಿತ್ತಂತ. ನೀ ನಾಚಕೋತಿ ಅಂತ ಸುಮ್ಮನಿದ್ರಂತ."

ಕೇಶರಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. "ಗೊತ್ತಿದ್ದೂ ನನ್ನ ಕೈಲೇ ಉಂಡಾರೇನ್ರಿ?"

"ದಿನಾ ಉಂಡಾರ. ಈಗ ಯಾರ ಕೈಲೇನೂ ಉಣವಲ್ರು."

ಅತ್ತಿಗೆ ಟೆಂಪೋದ ಮೇಲಿಂದ ಬಾ ಎಂದು ಕರೆಯುತ್ತಿದ್ದಳು. ಕೇಶರಬಾಯಿ ಟೆಂಪೋದ ಹಿಂಬದಿಗೆ ಹೋಗಿ, ಜೋಳದ ಚೀಲದ ಕೆಳಗೆ ಸಿಕ್ಕಿಕೊಂಡಿದ್ದ ತನ್ನ ಗಂಟನ್ನು ಎರಡೂ ಕೈಯಿಂದ ಜಗ್ಗಿ ಕೆಳಗಿಳಿಸಿದಳು.