ನೆಲಮಾಳಿಗೆಯ ಟೇಪಕ್ಕ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಹಿಂಬಾಗಿಲಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಅವುಗಳ ಸಂದಿಯಲ್ಲೇ ದಾರಿ ಮಾಡಿಕೊಂಡು ಹೆಂಗಸೊಬ್ಬರು ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಾರೆ. ಹೊರಗೆ ಸೆಕೆ, ಅವರ ಹೆಗಲ ಮೇಲೆ ಮಾತ್ರ ದಪ್ಪ ಉಣ್ಣೆಯ ಶಾಲು. ಸರ್ವರ್ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ರಾಚುವ ಚಳಿ, ಎದುರಿಗಿದ್ದವರ ಮಾತು ಕೇಳದಷ್ಟು ಫ್ಯಾನುಗಳ ಸದ್ದು. ಬೇರೇನನ್ನೂ ಮುಟ್ಟುವ ಮೊದಲು ಅವರು ಹಿಂದಿನ ರಾತ್ರಿ ದಾಖಲೆಗಳ ನಕಲು ತೆಗೆಯಲು ಹಾಕಿದ್ದ ಟೇಪನ್ನು ಯಂತ್ರದ ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿಯುತ್ತಾರೆ.

"ಬೆಚ್ಚಗಿದ್ರೆ ಕೆಲಸ ನಡೆದಿದೆ ಅಂತ. ತಣ್ಣಗಿದ್ರೆ ನನ್ನ ಕೈಕಾಲೂ ತಣ್ಣಗಾಗತ್ತೆ," ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಟೇಪಕ್ಕ. ಎಲ್ಲರಿಗೂ ಅಂದರೆ, ಅವರೊಬ್ಬರು ಇದ್ದಾರೆಂದು ಬಲ್ಲ ಏಳೆಂಟು ಮಂದಿಗೆ. ದಾಖಲೆ ವಿಭಾಗದಲ್ಲಿ ಟೈಪಿಸ್ಟ್ ಆಗಿ ಸೇರಿದವರು. ಕಾಗದಗಳೆಲ್ಲ ಕಂಪ್ಯೂಟರಿಗೆ ಹೋದಾಗ ಅವರನ್ನೂ ಕಾಗದಗಳ ಹಿಂದೆಯೇ ಕೆಳಗೆ ಕಳಿಸಿದರು. ಗಂಡ ಬಸ್ ಚಾಲಕ. ಅತ್ತೆಗೆ ಸೊಸೆಯ ಕೆಲಸ ಏನೆಂದು ಇವತ್ತಿಗೂ ಬಗೆಹರಿದಿಲ್ಲ. "ಕ್ಯಾಸೆಟ್ ಅಂಗಡಿ ಅಂತೆ. ಹಾಡು ಮಾತ್ರ ಒಂದಿನ ತಂದವಳಲ್ಲ," ಎಂದು ನೆರೆಮನೆಯವರ ಹತ್ತಿರ ಹೇಳಿಕೊಳ್ಳುತ್ತಾರಂತೆ. ವರ್ಷಗಟ್ಟಲೆ ಈ ಸದ್ದಿನಲ್ಲಿ ದುಡಿದು ಟೇಪಕ್ಕನ ಎಡಗಿವಿ ಮಂದವಾಗಿದೆ. ಅತ್ತೆಯ ಮಾತಿಗೆ ಆ ಕಿವಿ ಒಡ್ಡುತ್ತೇನೆಂದು ಅವರೂ ನಗುತ್ತಾರೆ.

ಅವರ ಕಪಾಟಿನಲ್ಲಿ ಎರಡು ಬಗೆಯ ಟೇಪುಗಳಿವೆ. ರೋಗಿಗಳ ವಿವರವನ್ನು ದಿನವೂ ನಕಲು ಮಾಡುವವು ಒಂದು ಬಗೆ. ಇನ್ನೊಂದು, ಕೆಂಪು ಚೀಟಿ ಅಂಟಿಸಿದ್ದು. ಅದರಲ್ಲಿ ರೋಗಿಗಳ ವಿವರ ಇಲ್ಲ, ಯಂತ್ರದ ಜೀವವೇ ಇದೆ: ಅದನ್ನು ನಡೆಸುವ ಯುನಿಕ್ಸ್ ವ್ಯವಸ್ಥೆ, ಅದರ ಹೊಂದಾಣಿಕೆಗಳು. ಯಂತ್ರ ತನ್ನ ಡಿಸ್ಕಿನಿಂದ ಏಳಲಾರದೆ ಬಿದ್ದರೆ ಈ ಟೇಪು ಹಾಕಿ ಎಬ್ಬಿಸಬೇಕು. "ಬಿದ್ದೋರ ಮುಖಕ್ಕೆ ನೀರು ಹಾಕ್ತಾರಲ್ಲ, ಹಂಗೆ."

ಹೋದ ವರ್ಷ ಒಂದು ಬೆಳಗ್ಗೆ ಟೇಪು ತಣ್ಣಗಿತ್ತು. ಪರದೆ ಕಪ್ಪಾಗಿತ್ತು. ಸರ್ವರಿನಲ್ಲಿದ್ದ ಎರಡು ಡಿಸ್ಕುಗಳಲ್ಲಿ ಚಿಕ್ಕದು, ವ್ಯವಸ್ಥೆ ಕೂತಿದ್ದದ್ದು, ಸತ್ತಿತ್ತು. ದೊಡ್ಡದರಲ್ಲಿ ರೋಗಿಗಳ ವಿವರ ಸುರಕ್ಷಿತವಾಗಿತ್ತು. ಆದರೆ ಹಿಂದಿನ ದಿನದ ನಕಲು ಮಾತ್ರ ಯಾವ ಟೇಪಿಗೂ ಇಳಿದಿರಲಿಲ್ಲ. ಮೇಲೆ ವಾರ್ಡುಗಳಲ್ಲಿ ಬೆಳಗಿನ ಔಷಧದ ಹೊತ್ತು ಹತ್ತಿರವಾಗುತ್ತಿತ್ತು. ಯಾರಿಗೆ ಏನು, ಎಷ್ಟು ಎಂಬುದೆಲ್ಲ ಈ ಯಂತ್ರದಿಂದಲೇ ಅಚ್ಚಾಗಿ ಬರಬೇಕು. ಮಕ್ಕಳ ವಾರ್ಡಿನ ಹಿರಿಯ ನರ್ಸ್ ತಾವೇ ಇಳಿದು ಬಂದು ಬಾಗಿಲಲ್ಲಿ ನಿಂತರು. ವಿಭಾಗದ ಅಧಿಕಾರಿ ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಓಡಿಬಂದರು.

ಟೇಪಕ್ಕ ಕೆಂಪು ಚೀಟಿಯ ಟೇಪು ಹಾಕಿದರು. ಯಂತ್ರ ಗೊರಗೊರ ಅನ್ನುತ್ತ ಎದ್ದಿತು. ನರ್ಸ್ ಉಸಿರುಬಿಟ್ಟರು. ಪರದೆಯ ಮೇಲೆ, ಈ ಟೇಪು ಹಾಕಿದಾಗಲೆಲ್ಲ ಬರುವ ಎಚ್ಚರಿಕೆ ಬಂತು: ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ?

"ಒತ್ತಿಬಿಡಿ ಅಕ್ಕ, ಮೇಲೆ ಕಾಯ್ತಿದ್ದಾರೆ," ಅಂದರು ಅಧಿಕಾರಿ.

ಟೇಪಕ್ಕನ ಬೆರಳು ಆಗಲೇ ಕೀಲಿಯ ಮೇಲಿತ್ತು. "ಆ ಸಾಲನ್ನ ಎಷ್ಟು ಸಲ ನೋಡಿದ್ನೋ, ಓದೋದೇ ಬಿಟ್ಟುಬಿಟ್ಟಿದ್ದೆ," ಎನ್ನುತ್ತಾರೆ. ಅವತ್ತು ಮೂಗಿನ ಮೇಲೆ ಜಾರಿದ ಕನ್ನಡಕ ಸರಿಮಾಡಲೆಂದು ಕೈ ಎತ್ತಿದರು. ಕನ್ನಡಕ ಸರಿಯಾದಾಗ ಕಣ್ಣಿಗೆ ಬಿದ್ದದ್ದು ಆ ಸಾಲಿನ ಪಕ್ಕದಲ್ಲಿ ತೋರಿಸಿದ್ದ ಡಿಸ್ಕಿನ ಅಳತೆ. ಅದು ಚಿಕ್ಕ ಡಿಸ್ಕಿನದಲ್ಲ. ಟೇಪು ಯಾವಾಗಲೂ ಮೊದಲನೆಯ ಡಿಸ್ಕಿಗೇ ಇಳಿಯುತ್ತದೆ; ಸತ್ತ ಡಿಸ್ಕು ಲೆಕ್ಕದಿಂದ ಬಿಟ್ಟುಹೋಗಿ ದೊಡ್ಡದೇ ಈಗ ಮೊದಲನೆಯದಾಗಿತ್ತು. ಯಂತ್ರ ಅಳಿಸಲು ಕೇಳುತ್ತಿದ್ದದ್ದು ರೋಗಿಗಳ ವಿವರವನ್ನು.

ಟೇಪಕ್ಕ ಗರ ಬಡಿದವರಂತೆ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು ಕೂತರು. "ಕೈ ಹೊರಗಿದ್ರೆ ತಾನಾಗೇ ಒತ್ತಿಬಿಡತ್ತೇನೋ ಅನ್ನಿಸ್ತು. ಸಾಹೇಬ್ರು ಏನಾಯ್ತು ಏನಾಯ್ತು ಅಂತಾರೆ, ನಾನು ಬರೀ ಗಲ್ಲ ಎತ್ತಿ ಪರದೆ ತೋರಿಸ್ತಿದೀನಿ."

ಅಧಿಕಾರಿ ಬಗ್ಗಿ ಓದಿದರು. ಓದಿ, ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು. ಇದನ್ನು ನನಗೆ ಹೇಳಿದವರೂ ಅವರೇ. "ನಾನೇ ಕೂತಿದ್ರೆ ಒತ್ತಿಬಿಡ್ತಿದ್ದೆ."

ಆಮೇಲೆ ಇಬ್ಬರೂ ಯಂತ್ರ ನಿಲ್ಲಿಸಿ, ದೊಡ್ಡ ಡಿಸ್ಕನ್ನು ಎಳೆದು ಹೊರಗಿಟ್ಟು, ಸತ್ತದ್ದರ ಜಾಗಕ್ಕೆ ಹೊಸದನ್ನು ಕೂರಿಸಿ, ಟೇಪಿನಿಂದ ವ್ಯವಸ್ಥೆಯನ್ನು ಇಳಿಸಿದರು. ದೊಡ್ಡದನ್ನು ಮತ್ತೆ ಒಳಗಿಟ್ಟಾಗ ರೋಗಿಗಳ ವಿವರ ಒಂದೂ ಕದಲದೆ ತೆರೆದುಕೊಂಡಿತು. ಔಷಧದ ಪಟ್ಟಿ ತಡವಾಗಿ ಅಚ್ಚಾಯಿತು. ತಡವಾದದ್ದಕ್ಕೆ ಮೇಲಿನಿಂದ ಬೈಗುಳವೂ ಬಂತು.

ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ವಾರ, ಲಿಫ್ಟಿನಲ್ಲಿ. ಆ ಹಿರಿಯ ನರ್ಸ್ ಮಾತಿನ ನಡುವೆ ಕೇಳಿದರು: "ಒತ್ತಿದ್ರೆ ಏನಾಗ್ತಿತ್ತು? ಎಲ್ಲ ಖಾಲಿ ಆಗ್ತಿತ್ತಾ?" ಇಲ್ಲ, ಹಿಂದಿನ ಟೇಪಿನಿಂದ ಹಾಕುತ್ತಿದ್ದೆವು, ಒಂದು ದಿನ ಹಳೆಯದು ಬರುತ್ತಿತ್ತು ಅಷ್ಟೇ ಎಂದರು ಟೇಪಕ್ಕ. ನರ್ಸ್ ಟೇಪಕ್ಕನ ತೋಳು ಹಿಡಿದು ಹೇಳಿದರು. ಯಂತ್ರ ಬಿದ್ದ ದಿನದ ಹಿಂದಿನ ಸಂಜೆಯಷ್ಟೇ ವಾರ್ಡಿನ ಒಂದು ಮಗುವಿಗೆ ಔಷಧ ವಿಷವಾಗುತ್ತಿದೆಯೆಂದು ಗೊತ್ತಾಗಿ ವೈದ್ಯರು ಪ್ರಮಾಣವನ್ನು ತೀರಾ ತಗ್ಗಿಸಿದ್ದರು. ಹಳೆಯ ಪಟ್ಟಿ ಬಂದಿದ್ದರೆ ಹಳೆಯ ಪ್ರಮಾಣವೇ ಅಚ್ಚಾಗುತ್ತಿತ್ತು. ಆ ಬೆಳಗ್ಗೆ ಪಾಳಿಗೆ ಹೊಸದಾಗಿ ಬಂದಿದ್ದ ನರ್ಸ್ ಗೊತ್ತಿಲ್ಲದೆ ಅದನ್ನೇ ಕೊಟ್ಟುಬಿಡುತ್ತಿದ್ದರು.

ಲಿಫ್ಟ್ ತೆರೆಯಿತು, ಮುಚ್ಚಿತು. ಇಬ್ಬರೂ ಇಳಿಯಲಿಲ್ಲ.

"ಅವತ್ತು ಮನೆಗೆ ಬಂದೋಳು ಚಪ್ಪಲಿ ಕೂಡ ಬಿಡದೆ ಗೋಡೆಗೆ ಒರಗಿ ಕೂತ್ಲು," ಎನ್ನುತ್ತಾರೆ ಗಂಡ. "ಯಾರಾದ್ರೂ ಹೋಗ್ಬಿಟ್ರಾ ಅಂತ ಕೇಳ್ದೆ. ಇಲ್ಲ, ಯಾರೂ ಹೋಗ್ಲಿಲ್ಲ ಅಂದ್ಲು. ಹಂಗಂದು ಅತ್ತುಬಿಟ್ಲು. ನಂಗೆ ತಲೆಬುಡ ಗೊತ್ತಾಗ್ಲಿಲ್ಲ."

ಈಗ ಯಂತ್ರವನ್ನು ಟೇಪಿನಿಂದ ಎಬ್ಬಿಸುವ ಮೊದಲು ದೊಡ್ಡ ಡಿಸ್ಕನ್ನು ಹೊರತೆಗೆದು ಮೇಜಿನ ಮೇಲೆ ಇಡುವುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ತಿಂಗಳಿಗೊಮ್ಮೆ ಹಳೆಯ ಯಂತ್ರವೊಂದರ ಮೇಲೆ ಟೇಪಕ್ಕ ತಾಲೀಮು ನಡೆಸುತ್ತಾರೆ. ಅಧಿಕಾರಿ ಪಕ್ಕದಲ್ಲಿ ನಿಂತು ಪರದೆಯ ಸಾಲುಗಳನ್ನು ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದಬೇಕು. ಅವರು ಓದಿ ಮುಗಿಸುವವರೆಗೆ ಅಕ್ಕನ ಕೈ ಶಾಲಿನಿಂದ ಹೊರಬರುವುದಿಲ್ಲ.

ಆ ಮಗು ಗುಣವಾಗಿ ಮನೆಗೆ ಹೋಗಿದೆ. ಆಗಾಗ ತಪಾಸಣೆಗೆ ಬರುತ್ತದೆ. ಅದನ್ನು ನೋಡಿದ್ದೀರಾ ಎಂದು ನಾನು ಟೇಪಕ್ಕನನ್ನು ಕೇಳಿದೆ.

"ಇಲ್ಲ," ಅಂದರು ಟೇಪಕ್ಕ, ಇವತ್ತಿನ ಟೇಪಿಗೆ ಚೀಟಿ ಅಂಟಿಸುತ್ತ. "ಹೋಗ್ಬೇಕು ಅಂತ ಎರಡು ಸಲ ಮೆಟ್ಟಿಲು ಹತ್ತಿದೀನಿ. ಅವ್ರಮ್ಮ ಯಾರು ನೀವು ಅಂತ ಕೇಳಿದ್ರೆ ಏನನ್ಲಿ? ವಾಪಸ್ ಬಂದೆ. ದೂರದಿಂದ ಒಂದ್ಸಲ, ಓಡಾಡೋದನ್ನ ನೋಡಿದ್ರೆ ಸಾಕು."